ನಂಬಿಕೊಂಡಿದ್ದ ಬ್ರ್ಯಾಂಡ್ ಮಂಕಾದಾಗ ಹೊಸ ಫಿಟ್‌ನೆಸ್ ಬ್ಯಾಂಡ್ ಆರಿಸುವುದು ಹೇಗೆ?

ಒಂದೇ ಕಂಪನಿಯ ಬ್ಯಾಂಡನ್ನು ವರ್ಷಗಟ್ಟಲೆ ಕಟ್ಟಿಕೊಂಡವರಿಗೆ ಬೇರೆಯದನ್ನು ಹುಡುಕುವುದು ದೊಡ್ಡ ತಲೆನೋವು. ಹೆಜ್ಜೆ ಲೆಕ್ಕ, ನಿದ್ದೆ ಲೆಕ್ಕ, ತೂಕದ ಗ್ರಾಫು ಎಲ್ಲವೂ ಅಲ್ಲೇ ಇರುತ್ತದೆ. ಆ್ಯಪ್‌ನ ಯಾವ ಮೂಲೆಯಲ್ಲಿ ಏನಿದೆ ಎಂದು ಬೆರಳಿಗೇ ಗೊತ್ತಿರುತ್ತದೆ. ಆದರೆ ಒಂದೊಂದೇ ಸೌಲಭ್ಯ ಮಾಯವಾಗುತ್ತಾ, ಹೊಸ ಮಾಡೆಲ್ ಹಳೆಯದಕ್ಕಿಂತ ಸಪ್ಪೆಯಾಗಿ ಬರುತ್ತಾ ಹೋದರೆ ಒಂದು ದಿನ ಬಿಡಲೇಬೇಕಾಗುತ್ತದೆ. ಆಗ ಹೆಚ್ಚಿನವರು ಏನು ಮಾಡುತ್ತಾರೆಂದರೆ, ನಾಲ್ಕಾರು ಮಾಡೆಲ್‌ಗಳ ಸೆನ್ಸರ್ ಪಟ್ಟಿ ಎದುರಿಗಿಟ್ಟುಕೊಂಡು ಯಾವುದರಲ್ಲಿ ಜಾಸ್ತಿ ಇದೆಯೋ ಅದನ್ನು ಕೊಂಡುಬಿಡುತ್ತಾರೆ. ನನ್ನ ಪ್ರಕಾರ ಈ ಕ್ರಮವೇ ತಲೆಕೆಳಗು. ಈ ಕಂಪನಿಯೂ ನಾಳೆ ಕೈಕೊಟ್ಟರೆ ನನ್ನ ಹತ್ತಿರ ಏನು ಉಳಿಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಸೆನ್ಸರ್ ವಿಚಾರ ಆಮೇಲೆ.

ಹಿಂದೆ ಏನೇನಾಗಿದೆ

ಫಿಟ್‌ಬಿಟ್ ಕತೆ ಹೆಚ್ಚಿನವರಿಗೆ ಗೊತ್ತು. 2007ರಲ್ಲಿ ಶುರುವಾದ ಕಂಪನಿ, 2009ರಲ್ಲಿ ಬಟ್ಟೆಗೆ ಸಿಕ್ಕಿಸಿಕೊಳ್ಳುವ ಪುಟ್ಟ ಹೆಜ್ಜೆ ಎಣಿಕೆ ಯಂತ್ರ ತಂದಿತು. 2015ರಲ್ಲಿ ಷೇರು ಮಾರುಕಟ್ಟೆಗೂ ಬಂತು. 2019ರ ನವೆಂಬರ್‌ನಲ್ಲಿ ಗೂಗಲ್ ಅದನ್ನು 2.1 ಬಿಲಿಯನ್ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು, 2021ರ ಜನವರಿಯಲ್ಲಿ ಆ ವ್ಯವಹಾರ ಮುಗಿಯಿತು. ಆಮೇಲೆ ಒಂದೊಂದೇ ಕಡಿಮೆಯಾಗುತ್ತಾ ಬಂತು. 2022ರಲ್ಲಿ ಬಂದ ವರ್ಸಾ 4 ಮತ್ತು ಸೆನ್ಸ್ 2ರಲ್ಲಿ ಹಿಂದಿನ ಮಾಡೆಲ್‌ಗಳಲ್ಲಿದ್ದ ಹೊರಗಿನ ಆ್ಯಪ್‌ಗಳಿಗೆ ಜಾಗವೇ ಇರಲಿಲ್ಲ. 2023ರ ಮಾರ್ಚ್‌ನಲ್ಲಿ ಗೆಳೆಯರ ಜೊತೆ ಪಂದ್ಯ ಕಟ್ಟುವ ಚಾಲೆಂಜ್‌ಗಳು ಹೋದವು, ಅದಕ್ಕಾಗಿಯೇ ಬ್ಯಾಂಡ್ ಕಟ್ಟುತ್ತಿದ್ದವರು ಎಷ್ಟೋ ಜನ. 2024ರ ಜುಲೈನಲ್ಲಿ ಕಂಪ್ಯೂಟರ್‌ನಲ್ಲಿ ನೋಡುತ್ತಿದ್ದ ಡ್ಯಾಶ್‌ಬೋರ್ಡ್ ಮುಚ್ಚಿತು. ವರ್ಸಾ, ಸೆನ್ಸ್ ಸಾಲಿನಲ್ಲಿ ಇನ್ನು ಹೊಸದು ಬರುವುದಿಲ್ಲ ಎಂಬುದೂ ಅದೇ ವರ್ಷ ಖಚಿತವಾಯಿತು. ಕಂಪನಿ ಮುಚ್ಚಲಿಲ್ಲ, ಬ್ಯಾಂಡ್‌ಗಳು ಕೆಲಸ ಮಾಡುತ್ತಲೇ ಇವೆ, ಆದರೆ ಜನ ಇಷ್ಟಪಟ್ಟಿದ್ದ ವಸ್ತು ಮಾತ್ರ ಸವೆದು ಹೋಯಿತು.

ಇದಕ್ಕಿಂತ ಕೆಟ್ಟದ್ದೂ ಆಗಿದೆ. ಜಾಬೋನ್ ಕಂಪನಿ 2017ರಲ್ಲಿ ಬಾಗಿಲು ಹಾಕಿತು. ಮೈಕ್ರೋಸಾಫ್ಟ್ ತನ್ನ ಬ್ಯಾಂಡ್ ಮಾರುವುದನ್ನು 2016ರಲ್ಲಿ ನಿಲ್ಲಿಸಿ, 2019ರ ಮೇ ತಿಂಗಳ ಕೊನೆಗೆ ಅದರ ಆ್ಯಪ್ಪನ್ನೂ ಸರ್ವರನ್ನೂ ಮುಚ್ಚಿತು. ಅಮೆಜಾನ್‌ನ ಹೇಲೋ ಬ್ಯಾಂಡ್ 2023ರ ಆಗಸ್ಟ್‌ನಿಂದ ಕೆಲಸವನ್ನೇ ನಿಲ್ಲಿಸಿತು. ಬ್ಯಾಟರಿ ಚೆನ್ನಾಗಿದ್ದು, ಸೆನ್ಸರ್ ಚೆನ್ನಾಗಿದ್ದು, ಪಟ್ಟಿ ಹೊಳೆಯುತ್ತಿದ್ದರೂ ಆ್ಯಪ್ ಇಲ್ಲ ಎಂದರೆ ಪರದೆಯಿಲ್ಲದ ಬ್ಯಾಂಡ್ ಬರೀ ರಬ್ಬರ್ ಬಳೆ ಅಷ್ಟೇ.

ಪೆಬಲ್ ವಾಚಿನ ಕತೆ ಸ್ವಲ್ಪ ಬೇರೆ. 2016ರಲ್ಲಿ ಆ ಕಂಪನಿ ಮುಗಿಯಿತು, 2018ರ ಜೂನ್‌ನಲ್ಲಿ ಸರ್ವರ್‌ಗಳು ನಿಂತವು. ಆದರೆ ಬಳಸುತ್ತಿದ್ದವರೇ ಸೇರಿಕೊಂಡು ರೆಬಲ್ ಎಂಬ ಬದಲಿ ವ್ಯವಸ್ಥೆ ಕಟ್ಟಿ ಆ ವಾಚುಗಳನ್ನು ಬದುಕಿಸಿಕೊಂಡರು. ಪೆಬಲ್‌ನ ಸಾಫ್ಟ್‌ವೇರ್ ಫಿಟ್‌ಬಿಟ್ ಮೂಲಕ ಗೂಗಲ್ ಕೈ ಸೇರಿತ್ತು, 2025ರ ಜನವರಿಯಲ್ಲಿ ಗೂಗಲ್ ಅದರ ಮೂಲ ಕೋಡನ್ನೂ ಬಿಡುಗಡೆ ಮಾಡಿತು. ಎಲ್ಲ ವಾಚಿಗೂ ಇಂಥ ಅದೃಷ್ಟ ಇರುವುದಿಲ್ಲ, ಅಲ್ವಾ? ಅದಕ್ಕೇ ಕೊಳ್ಳುವ ಮುಂಚೆಯೇ ಯೋಚಿಸಬೇಕು.

ಬಿಡುವ ಕಾಲ ಬಂತಾ?

ಆತುರ ಬೇಡ. ಬ್ಯಾಂಡ್ ಕೆಲಸ ಮಾಡುತ್ತಿದ್ದರೆ ಅದು ಕೆಡುವವರೆಗೂ ಕಟ್ಟಿಕೊಳ್ಳಿ. ಒಂದು ಕೆಟ್ಟ ಅಪ್‌ಡೇಟ್ ಬಂತು ಎಂದು ಕಿತ್ತೆಸೆಯುವುದು ಸುಮ್ನೆ ದುಡ್ಡು ದಂಡ. ಆದರೆ ಕೆಲವು ಲಕ್ಷಣ ಒಟ್ಟಿಗೆ ಕಂಡರೆ ಹುಡುಕಾಟ ಶುರು ಮಾಡಿ. ಅಪ್‌ಡೇಟ್ ಬಂದಾಗೆಲ್ಲ ಏನೋ ಒಂದು ಹೋಗುತ್ತಿದೆ, ಹೊಸದೇನೂ ಸೇರುತ್ತಿಲ್ಲ. ಇಷ್ಟು ದಿನ ಪುಕ್ಕಟೆ ಇದ್ದದ್ದಕ್ಕೆ ಈಗ ಚಂದಾ ಕೇಳುತ್ತಿದೆ. ಚಾರ್ಜರ್, ಪಟ್ಟಿ ಸಿಗುವುದು ಕಷ್ಟವಾಗುತ್ತಿದೆ. ದೂರು ಕೊಟ್ಟರೆ ರಿಪೇರಿ ಮಾತೇ ಇಲ್ಲ, ಹೊಸದು ಕೊಳ್ಳಲು ರಿಯಾಯಿತಿ ಕೂಪನ್ ಬರುತ್ತದೆ. ಈ ಕೂಪನ್ ಇದೆಯಲ್ಲ, ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರಿಸುವುದು ಅದೇ.

ಮೊದಲ ಕೆಲಸ: ಹಳೆಯ ಡೇಟಾ ಹೊರಗೆ ತೆಗೆಯುವುದು

ಹೊಸದು ಯಾವುದು ಎಂದು ಗೊತ್ತಾಗುವ ಮುಂಚೆಯೇ ಇದನ್ನು ಮಾಡಿ ಮುಗಿಸಿ. ಸರ್ವರ್ ಮುಚ್ಚುವ ಸುದ್ದಿ ಬಂದ ಮೇಲೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಆಗ ಪರದಾಟ. ಹೆಚ್ಚಿನ ಕಂಪನಿಗಳ ಅಕೌಂಟ್ ಸೆಟ್ಟಿಂಗ್‌ನಲ್ಲಿ ಡೇಟಾ ಎಕ್ಸ್‌ಪೋರ್ಟ್ ಅಂತ ಒಂದು ಕಡೆ ಇರುತ್ತದೆ. ಗೂಗಲ್ ಅಕೌಂಟ್‌ಗೆ ಬದಲಾಗಿರುವ ಫಿಟ್‌ಬಿಟ್ ಡೇಟಾ ಗೂಗಲ್ ಟೇಕ್‌ಔಟ್ ಮೂಲಕ ಸಿಗುತ್ತದೆ. ಅರ್ಜಿ ಹಾಕಿದ ಮೇಲೆ ಜಿಪ್ ಫೈಲು ತಯಾರಾಗಲು ಹೊತ್ತು ಹಿಡಿಯಬಹುದು. ಸಿಕ್ಕ ಮೇಲೆ ತೆರೆದು ನೋಡಿ. ಒಳಗೆ ನಿಜವಾಗಿಯೂ ಎಲ್ಲ ವರ್ಷದ ಫೈಲು ಇದೆಯಾ ಎಂದು ಖಾತ್ರಿಯಾಗುವ ತನಕ ಹಳೆಯ ಅಕೌಂಟನ್ನು ಅಳಿಸಬೇಡಿ.

ತೆರೆದು ನೋಡಿದರೆ ಸಾವಿರಾರು ಪುಟ್ಟ ಫೈಲುಗಳು, ಒಂದೂ ಓದಿಸಿಕೊಳ್ಳುವುದಿಲ್ಲ. ಗಾಬರಿ ಬೇಡ. ಪ್ರತಿ ನಿಮಿಷದ ಹೃದಯ ಬಡಿತ ಇಟ್ಟುಕೊಂಡು ಯಾರೂ ಏನೂ ಮಾಡುವುದಿಲ್ಲ. ತಿಂಗಳ ಸರಾಸರಿ ಹೆಜ್ಜೆ, ವಿಶ್ರಾಂತಿಯಲ್ಲಿರುವಾಗಿನ ಹೃದಯ ಬಡಿತ, ತೂಕ, ಸರಾಸರಿ ನಿದ್ದೆ, ಇಷ್ಟನ್ನು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಟ್ಟುಕೊಂಡರೆ ಮುಂದೆ ಡಾಕ್ಟರ್ ಕೇಳಿದಾಗಲೂ ಉಪಯೋಗಕ್ಕೆ ಬರುತ್ತದೆ. ಓಟ, ಸೈಕಲ್ ದಾರಿಗಳಿದ್ದರೆ ಅವನ್ನು ಜಿಪಿಎಕ್ಸ್, ಟಿಸಿಎಕ್ಸ್ ಅಥವಾ ಎಫ್‌ಐಟಿ ಫೈಲಾಗಿ ಇಳಿಸಿಕೊಳ್ಳಿ. ಈ ಮೂರನ್ನೂ ಬಹುತೇಕ ಎಲ್ಲ ಓಟದ ಆ್ಯಪ್‌ಗಳು ಓದುತ್ತವೆ.

ಇನ್ನೊಂದು ದಾರಿ ಫೋನಿನಲ್ಲೇ ಇರುವ ಆರೋಗ್ಯ ಭಂಡಾರ. ಐಫೋನಿನಲ್ಲಿ ಆ್ಯಪಲ್ ಹೆಲ್ತ್, ಆಂಡ್ರಾಯ್ಡ್‌ನಲ್ಲಿ ಹೆಲ್ತ್ ಕನೆಕ್ಟ್. ಬ್ಯಾಂಡಿನ ಆ್ಯಪ್ ಇವುಗಳಿಗೆ ಬರೆಯುವಂತಿದ್ದರೆ ನಿಮ್ಮ ಲೆಕ್ಕ ಕಂಪನಿಯ ಸರ್ವರ್ ಜೊತೆಗೆ ಫೋನಿನಲ್ಲೂ ಉಳಿಯುತ್ತದೆ, ನಾಳೆ ಬ್ಯಾಂಡ್ ಬದಲಾದರೂ ಹೆಜ್ಜೆಗಳ ಸಾಲು ಅಲ್ಲೇ ಮುಂದುವರಿಯುತ್ತದೆ. ಹೊಸದನ್ನು ಆರಿಸುವಾಗ ನಾನು ಮೊದಲು ಪರೀಕ್ಷಿಸುವುದು ಇದನ್ನೇ. ಆ್ಯಪ್ ಏನನ್ನು ಬರೆಯುತ್ತದೆ ಎಂದು ಸರಿಯಾಗಿ ನೋಡಿ. ಹೆಜ್ಜೆ, ತೂಕ ಸುಲಭವಾಗಿ ಹೋಗುತ್ತವೆ. ಕಂಪನಿಯ ಸ್ವಂತ ಅಂಕಗಳು, ಅಂದರೆ ಇವತ್ತು ನಿಮ್ಮ ದೇಹ ಎಷ್ಟು ಸಿದ್ಧವಾಗಿದೆ, ನಿದ್ದೆಗೆ ನೂರಕ್ಕೆ ಎಷ್ಟು ಎನ್ನುವಂಥವು, ಸಾಮಾನ್ಯವಾಗಿ ಆ ಆ್ಯಪ್‌ನಲ್ಲೇ ಉಳಿದುಬಿಡುತ್ತವೆ.

ನಿಮಗೆ ನಿಜವಾಗಿ ಬೇಕಾದ್ದೇನು

ಹಳೆಯ ಆ್ಯಪ್ ತೆರೆಯಿರಿ. ಹೋದ ತಿಂಗಳು ಯಾವ ಪರದೆಗಳನ್ನು ನೋಡಿದಿರಿ ಎಂದು ನೆನಪಿಸಿಕೊಳ್ಳಿ. ಹೆಚ್ಚಿನವರಿಗೆ ಉತ್ತರ ಎರಡು ಅಥವಾ ಮೂರು ಮಾತ್ರ: ಹೆಜ್ಜೆ, ನಿದ್ದೆ, ಜೊತೆಗೆ ಕೂತಲ್ಲೇ ಕೂತಾಗ ಏಳು ಎಂದು ನಡುಗುವ ಆ ಎಚ್ಚರಿಕೆ. ಇಷ್ಟೇ ಬೇಕಿದ್ದರೆ ಸಣ್ಣ ಸರಳ ಬ್ಯಾಂಡ್ ಸಾಕು, ದುಬಾರಿ ವಾಚಿನ ಕಡೆ ಕಣ್ಣು ಹಾಯಿಸುವುದೂ ಬೇಡ.

ಓಡುವವರ, ಸೈಕಲ್ ತುಳಿಯುವವರ ವಿಚಾರ ಬೇರೆ. ಅವರಿಗೆ ವಾಚಿನೊಳಗೇ ಜಿಪಿಎಸ್ ಇರಬೇಕು. ಇಲ್ಲಿ ಒಂದು ಮೋಸದ ಮಾತಿದೆ: ಕನೆಕ್ಟೆಡ್ ಜಿಪಿಎಸ್ ಎಂದು ಬರೆದಿದ್ದರೆ ಬ್ಯಾಂಡಿನಲ್ಲಿ ಜಿಪಿಎಸ್ ಇಲ್ಲ, ಫೋನಿನದನ್ನು ಎರವಲು ಪಡೆಯುತ್ತದೆ ಎಂದರ್ಥ. ಫೋನ್ ಮನೆಯಲ್ಲಿ ಬಿಟ್ಟು ಓಡಿದರೆ ದಾರಿ ದಾಖಲಾಗುವುದಿಲ್ಲ. ಎತ್ತರದ ಕಟ್ಟಡ, ದಟ್ಟ ಮರಗಳ ನಡುವೆ ಓಡುವವರಿಗೆ ಎರಡು ತರಂಗಾಂತರ ಹಿಡಿಯುವ ಡ್ಯುಯಲ್ ಬ್ಯಾಂಡ್ ಜಿಪಿಎಸ್ ಇದ್ದರೆ ಒಳ್ಳೆಯದು. ಬೆವರಿದ ಬೆರಳಿಗೆ ಟಚ್ ಪರದೆ ಮಾತು ಕೇಳುವುದಿಲ್ಲ, ಆದ್ದರಿಂದ ಒತ್ತುವ ಗುಂಡಿಗಳಿರುವುದನ್ನೇ ಆರಿಸಿ. ಎದೆಗೆ ಕಟ್ಟಿ ಹೃದಯ ಬಡಿತ ಅಳೆಯುವ ಎದೆಪಟ್ಟಿಯನ್ನು ಜೋಡಿಸಲು ಆಗುತ್ತದಾ ಎಂದೂ ನೋಡಿ, ಯಾಕೆ ಎಂದು ಮುಂದೆ ಹೇಳುತ್ತೇನೆ.

ನಿದ್ದೆಯ ಲೆಕ್ಕ ಮಾತ್ರ ಬೇಕು, ರಾತ್ರಿ ಮಣಿಕಟ್ಟಿನಲ್ಲಿ ಏನಾದರೂ ಇದ್ದರೆ ಆಗುವುದಿಲ್ಲ ಎನ್ನುವವರಿಗೆ ಬೆರಳಿಗೆ ಹಾಕಿಕೊಳ್ಳುವ ಸ್ಮಾರ್ಟ್ ಉಂಗುರಗಳಿವೆ. ಮೆಸೇಜ್, ಕರೆ, ಹಣ ಪಾವತಿ ಎಲ್ಲ ಕೈಯಲ್ಲೇ ಬೇಕೆಂದರೆ ನಿಮಗೆ ಬೇಕಿರುವುದು ಸ್ಮಾರ್ಟ್‌ವಾಚ್, ಆಗ ಬ್ಯಾಟರಿ ವಿಚಾರದಲ್ಲಿ ಸ್ವಲ್ಪ ಸಹಿಸಿಕೊಳ್ಳಬೇಕು.

ಫೋನಿಗೆ ಹೊಂದುತ್ತದಾ?

ಇದನ್ನು ನೋಡದೆ ಕೊಂಡು ಪೇಚಾಡುವವರು ಈಗಲೂ ಇದ್ದಾರೆ. ಆ್ಯಪಲ್ ವಾಚ್ ಐಫೋನ್ ಜೊತೆ ಮಾತ್ರ. ಪಿಕ್ಸೆಲ್ ವಾಚ್ ಆಂಡ್ರಾಯ್ಡ್ ಜೊತೆ ಮಾತ್ರ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್ 2021ರ ನಾಲ್ಕನೇ ಮಾಡೆಲ್‌ನಿಂದ ಈಚೆಗೆ ಐಫೋನಿಗೆ ಸೇರುವುದಿಲ್ಲ, ಅಷ್ಟೇ ಅಲ್ಲ, ಇಸಿಜಿಯಂಥ ಕೆಲವು ಸೌಲಭ್ಯಕ್ಕೆ ಸ್ಯಾಮ್‌ಸಂಗ್ ಫೋನೇ ಬೇಕು. ಗಾರ್ಮಿನ್, ಪೋಲಾರ್, ಅಮೇಜ್‌ಫಿಟ್, ವಿದಿಂಗ್ಸ್ ಇವೆಲ್ಲ ಎರಡೂ ಕಡೆ ನಡೆಯುತ್ತವೆ, ಆದರೆ ಐಫೋನಿನಲ್ಲಿ ಬರುವ ಮೆಸೇಜಿಗೆ ವಾಚಿನಿಂದಲೇ ಉತ್ತರ ಕೊಡುವಂಥ ಸಣ್ಣಪುಟ್ಟ ಅನುಕೂಲ ಕೈತಪ್ಪುತ್ತದೆ. ಮುಂದಿನ ವರ್ಷ ಫೋನ್ ಬದಲಿಸುವ ಯೋಚನೆಯಿದ್ದರೆ ಎರಡೂ ಕಡೆ ನಡೆಯುವುದನ್ನೇ ತೆಗೆದುಕೊಳ್ಳಿ. ಒಂದು ಬ್ರ್ಯಾಂಡಿನಿಂದ ಕಷ್ಟಪಟ್ಟು ಬಿಡಿಸಿಕೊಂಡು ಬಂದು ಇನ್ನೊಂದಕ್ಕೆ ಎರಡೆರಡು ಗಂಟು ಹಾಕಿಕೊಳ್ಳುವುದು ಯಾಕೆ?

ಚಂದಾ

ಪೆಟ್ಟಿಗೆಯ ಮೇಲಿನ ಬೆಲೆ ಪೂರ್ತಿ ಬೆಲೆಯಲ್ಲ. ಹೂಪ್ ಬ್ಯಾಂಡ್ ನಡೆಯುವುದೇ ಚಂದಾದ ಮೇಲೆ. ಔರಾ ಉಂಗುರಕ್ಕೆ 2021ರ ಮೂರನೇ ಪೀಳಿಗೆಯಿಂದ ತಿಂಗಳ ಚಂದಾ ಬಂತು, ಅದು ಕಟ್ಟದಿದ್ದರೆ ಮೇಲ್ಮೇಲಿನ ಅಂಕಗಳಷ್ಟೇ ಕಾಣುತ್ತವೆ. ಚಂದಾ ಇಲ್ಲ ಎಂಬ ಕಾರಣಕ್ಕೇ ಜನ ಮೆಚ್ಚುತ್ತಿದ್ದ ಗಾರ್ಮಿನ್ ಕೂಡ 2025ರ ಮಾರ್ಚ್‌ನಲ್ಲಿ ಕನೆಕ್ಟ್ ಪ್ಲಸ್ ಎಂಬ ಹಣ ಕೊಟ್ಟು ಪಡೆಯುವ ಹಂತ ತಂದಿತು. ಹಳೆಯ ಸೌಲಭ್ಯಗಳು ಪುಕ್ಕಟೆಯಾಗೇ ಇರುತ್ತವೆ ಎಂದು ಹೇಳಿದೆ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಗೊತ್ತಾಗುತ್ತದೆ.

ಚಂದಾ ಕೊಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಸಾಫ್ಟ್‌ವೇರ್ ನಡೆಸಲು ದುಡ್ಡು ಬೇಕು, ಚಂದಾ ಬರುವ ಕಂಪನಿ ಹಳೆಯ ಮಾಡೆಲ್‌ಗೂ ಅಪ್‌ಡೇಟ್ ಕೊಡುವ ಸಾಧ್ಯತೆ ಜಾಸ್ತಿ ಎಂಬ ವಾದವೂ ಇದೆ. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಚಂದಾ ನಿಲ್ಲಿಸಿದ ಮಾರನೇ ದಿನ ಈ ವಸ್ತು ಏನು ಮಾಡುತ್ತದೆ? ಹೆಜ್ಜೆ, ಬಡಿತ, ನಿದ್ದೆಯ ಹೊತ್ತು ಆಗಲೂ ಕಾಣುತ್ತದೆ ಎಂದರೆ ಪರವಾಗಿಲ್ಲ. ಏನೂ ಕಾಣುವುದಿಲ್ಲ ಎಂದರೆ ನೀವು ಕೊಂಡಿಲ್ಲ, ಬಾಡಿಗೆಗೆ ತಂದಿದ್ದೀರಿ. ಹೋಲಿಸುವಾಗ ಮೂರು ವರ್ಷದ ಚಂದಾವನ್ನು ಬೆಲೆಗೆ ಸೇರಿಸಿ ಹೋಲಿಸಿ, ಆಗ ಅಗ್ಗ ಯಾವುದು ದುಬಾರಿ ಯಾವುದು ಎಂಬ ಲೆಕ್ಕ ಎಷ್ಟೋ ಸಲ ಅದಲುಬದಲಾಗುತ್ತದೆ.

ಅಂಕಿಗಳನ್ನು ಎಷ್ಟು ನಂಬಬೇಕು

ಇಲ್ಲಿ ಸ್ವಲ್ಪ ನಿಂತು ಮಾತಾಡೋಣ, ಯಾಕೆಂದರೆ ಜಾಹೀರಾತು ಜಾಸ್ತಿ ಆಟವಾಡುವುದು ಇಲ್ಲೇ.

ಮಣಿಕಟ್ಟಿನ ಸೆನ್ಸರ್ ಚರ್ಮದೊಳಕ್ಕೆ ಹಸಿರು ಬೆಳಕು ಬಿಟ್ಟು, ವಾಪಸ್ ಬರುವ ಬೆಳಕು ಎಷ್ಟು ಏರಿಳಿಯಿತು ಎಂದು ನೋಡುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ, ಪ್ರತಿ ಬಡಿತಕ್ಕೂ ರಕ್ತ ಹೆಚ್ಚಿ ತಗ್ಗುತ್ತದೆ, ಆ ಏರಿಳಿತವನ್ನು ಎಣಿಸಿದರೆ ಹೃದಯ ಬಡಿತ. ಸುಮ್ಮನೆ ಕೂತಾಗ, ನಡೆಯುವಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬ್ಯಾಂಡ್ ಸಡಿಲವಾಗಿದ್ದರೆ, ಕೈ ತಣ್ಣಗಿದ್ದರೆ, ಸೆನ್ಸರ್ ಕೆಳಗೆ ಹಚ್ಚೆ ಇದ್ದರೆ ಎಡವುತ್ತದೆ. ಸೈಕಲ್ ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ, ತೂಕ ಎತ್ತುವಾಗ ಇನ್ನೂ ಕಷ್ಟ. ಓಡುವಾಗ ಕೆಲವೊಮ್ಮೆ ಹೃದಯ ಬಡಿತದ ಬದಲು ನಿಮ್ಮ ಹೆಜ್ಜೆಯ ಲಯವನ್ನೇ ಎಣಿಸಿಬಿಡುತ್ತದೆ, ನಿಧಾನವಾಗಿ ಓಡುತ್ತಿದ್ದರೂ 170 ತೋರಿಸುತ್ತದೆ. ವ್ಯಾಯಾಮದ ಹೊತ್ತಿನಲ್ಲಿ ಬ್ಯಾಂಡನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ ಸ್ವಲ್ಪ ಬಿಗಿ ಮಾಡಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಪೂರ್ತಿ ಹೋಗಬೇಕೆಂದರೆ ಎದೆಪಟ್ಟಿ. ಅದು ಬೆಳಕಿನ ಗೊಡವೆಗೆ ಹೋಗದೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಬ್ಲೂಟೂತ್ ಎದೆಪಟ್ಟಿಯೊಂದನ್ನು ತಂದಿಟ್ಟುಕೊಂಡರೆ ಬ್ಯಾಂಡ್ ಬದಲಾದರೂ ಅದು ಬದಲಾಗಬೇಕಿಲ್ಲ, ಒಂದು ಬ್ರ್ಯಾಂಡಿನ ಎದೆಪಟ್ಟಿ ಇನ್ನೊಂದು ಬ್ರ್ಯಾಂಡಿನ ವಾಚಿಗೆ ಸಾಮಾನ್ಯವಾಗಿ ಸೇರುತ್ತದೆ. ಕಂಪನಿಗಳು ಬಂದು ಹೋಗುವ ಈ ವ್ಯವಹಾರದಲ್ಲಿ ನನಗೆ ತುಂಬ ಇಷ್ಟವಾಗುವ ವಸ್ತು ಇದೇ.

ಕ್ಯಾಲೊರಿ ಲೆಕ್ಕವನ್ನು ಮಾತ್ರ ನಂಬಲೇಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಸಾಧನಗಳನ್ನು 60 ಜನರ ಕೈಗೆ ಕಟ್ಟಿ ಪರೀಕ್ಷಿಸಿದರು. ಏಳರಲ್ಲಿ ಆರು ಹೃದಯ ಬಡಿತವನ್ನು ಶೇ 5ರೊಳಗಿನ ವ್ಯತ್ಯಾಸದಲ್ಲಿ ಹಿಡಿದವು, ಪರವಾಗಿಲ್ಲ. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ ಶೇ 27ರಷ್ಟು ತಪ್ಪು ಹೇಳಿತು, ಎಲ್ಲಕ್ಕಿಂತ ಕೆಟ್ಟದ್ದು ಶೇ 93! ಆಮೇಲೆ ಸಾಧನಗಳು ಸುಧಾರಿಸಿರಬಹುದು, ಆದರೆ ಮೂಲ ಕಷ್ಟ ಹಾಗೇ ಇದೆ: ಒಂದೇ ಬಡಿತದಲ್ಲಿ ಇಬ್ಬರ ದೇಹ ಸುಡುವ ಶಕ್ತಿ ಬೇರೆಬೇರೆ. ವಾಚು 400 ಕ್ಯಾಲೊರಿ ಸುಟ್ಟೆ ಎಂದಿತು ಎಂದು ಅಷ್ಟೇ ತಿನ್ನಲು ಹೋದರೆ ತೂಕ ಇಳಿಯುವುದಿಲ್ಲ.

ನಿದ್ದೆಯ ವಿಚಾರದಲ್ಲಿ ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ಎದ್ದಿರಿ ಎಂಬುದು ಸಾಕಷ್ಟು ಸರಿ ಇರುತ್ತದೆ. ಗಾಢ ನಿದ್ದೆ, ಕನಸಿನ ನಿದ್ದೆ ಎಂಬ ಬಣ್ಣಬಣ್ಣದ ಪಟ್ಟಿ ಅಂದಾಜು. ಪ್ರಯೋಗಾಲಯದಲ್ಲಿ ಅದನ್ನು ಅಳೆಯಲು ಮಿದುಳಿನ ತರಂಗ, ಕಣ್ಣಿನ ಚಲನೆ, ಸ್ನಾಯುಗಳ ಬಿಗಿತ ಎಲ್ಲ ನೋಡುತ್ತಾರೆ. ಕೈಗೆ ಕಟ್ಟಿದ್ದು ಅಲುಗಾಟ ಮತ್ತು ಬಡಿತ ನೋಡಿ ಊಹಿಸುತ್ತದೆ. ಬೆಳಗ್ಗೆ ಎದ್ದು ಹಾಯೆನಿಸಿದರೂ ಆ್ಯಪ್ 58 ಅಂಕ ಕೊಟ್ಟಿತೆಂದು ಮುಖ ಸಪ್ಪಗೆ ಮಾಡಿಕೊಳ್ಳುವವರನ್ನು ನೋಡಿದರೆ ನನಗೆ ನಗು ಬರುತ್ತದೆ.

ಇನ್ನು ವೈದ್ಯಕೀಯ ಎನ್ನಿಸುವ ಸೌಲಭ್ಯಗಳು. ವಾಚಿನ ಇಸಿಜಿ ಹೃದಯದ ಲಯ ತಪ್ಪಿದ್ದನ್ನು ಸೂಚಿಸಬಲ್ಲದು, ಹೃದಯಾಘಾತವನ್ನು ಹಿಡಿಯಲಾರದು. ಎದೆನೋವು ಬಂದಾಗ ವಾಚು ನೋಡುತ್ತಾ ಕೂರಬಾರದು. ಗ್ಯಾಲಕ್ಸಿ ವಾಚಿನಲ್ಲಿ ರಕ್ತದೊತ್ತಡ ನೋಡಲು ತೋಳಿಗೆ ಸುತ್ತುವ ಮಾಮೂಲಿ ಯಂತ್ರದ ಜೊತೆ ನಾಲ್ಕು ವಾರಕ್ಕೊಮ್ಮೆ ಹೊಂದಿಸಬೇಕು. ರಕ್ತದ ಆಮ್ಲಜನಕದ ಅಂಕಿ ಸಾಮಾನ್ಯ ತಿಳಿವಳಿಕೆಗೆ ಸರಿ, ಚಿಕಿತ್ಸೆಯ ತೀರ್ಮಾನಕ್ಕಲ್ಲ. ಸೂಜಿ ಚುಚ್ಚದೆ ಸಕ್ಕರೆ ಮಟ್ಟ ಹೇಳುತ್ತೇವೆ ಎನ್ನುವ ವಾಚು, ಉಂಗುರ ಕಂಡರೆ ದೂರ ಸರಿಯಿರಿ. ಅಂಥ ಯಾವುದನ್ನೂ ತಾನು ಒಪ್ಪಿಲ್ಲ, ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ಮಧುಮೇಹ ಇರುವವರು ಅಂಥ ಅಂಕಿ ನಂಬಿ ಔಷಧ ತೆಗೆದುಕೊಂಡರೆ ಪ್ರಾಣಕ್ಕೇ ಕುತ್ತು.

ಹೆಜ್ಜೆಯ ಬಗ್ಗೆ ಒಂದು ಮಾತು. ದಿನಕ್ಕೆ 10,000 ಎಂಬ ಗುರಿ 1965ರಲ್ಲಿ ಜಪಾನಿನ ಕಂಪನಿಯೊಂದು ತನ್ನ ಹೆಜ್ಜೆ ಎಣಿಕೆ ಯಂತ್ರ ಮಾರಲು ಹುಟ್ಟಿಸಿದ್ದು. 2019ರಲ್ಲಿ ವಯಸ್ಸಾದ ಮಹಿಳೆಯರ ಮೇಲೆ ನಡೆದ ಅಮೆರಿಕದ ಅಧ್ಯಯನವೊಂದರಲ್ಲಿ ಸುಮಾರು 4,400 ಹೆಜ್ಜೆ ಹಾಕುವವರಲ್ಲೇ ಸಾವಿನ ಅಪಾಯ ಕಡಿಮೆ ಕಂಡಿತು, 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಗುರಿಯನ್ನು ನಿಮಗೆ ಬೇಕಾದಂತೆ ಬದಲಿಸಲು ಬಿಡುವ ಆ್ಯಪ್ ಆರಿಸಿ. ಕೈ ಬೀಸದಿದ್ದರೆ, ಅಂದರೆ ಮಗುವಿನ ಗಾಡಿ ತಳ್ಳುತ್ತಾ ನಡೆದರೆ, ಯಾವ ಬ್ಯಾಂಡೂ ಸರಿಯಾಗಿ ಎಣಿಸುವುದಿಲ್ಲ ಎಂಬುದೂ ನೆನಪಿರಲಿ. ಆಗ ಅದನ್ನು ಜೇಬಿಗೆ ಹಾಕಿಕೊಳ್ಳಿ.

ಬ್ಯಾಟರಿ, ಪಟ್ಟಿ, ಚಾರ್ಜರ್

ಹದಿನಾಲ್ಕು ದಿನ ಬರುತ್ತದೆ ಎಂದು ಬರೆದಿದ್ದರೆ ಅದು ಹೆಚ್ಚಿನ ಸೌಲಭ್ಯಗಳನ್ನು ಆಫ್ ಮಾಡಿಟ್ಟಾಗಿನ ಲೆಕ್ಕ. ಪರದೆ ಸದಾ ಬೆಳಗುವಂತೆ ಇಟ್ಟು, ರಾತ್ರಿ ಆಮ್ಲಜನಕ ನೋಡುತ್ತಾ, ದಿನಾ ಜಿಪಿಎಸ್ ಹಾಕಿದರೆ ಅರ್ಧಕ್ಕೂ ಕಡಿಮೆಯಾಗಬಹುದು. ಇಲ್ಲೊಂದು ಸರಳ ಲೆಕ್ಕ ಹಾಕಿ. ದಿನಾ ಚಾರ್ಜ್ ಬೇಡುವ ವಾಚು ವರ್ಷಕ್ಕೆ 365 ಸಲ ಚಾರ್ಜ್ ಆಗುತ್ತದೆ, ವಾರಕ್ಕೊಮ್ಮೆ ಬೇಡುವುದು 52 ಸಲ. ಲಿಥಿಯಂ ಬ್ಯಾಟರಿಗಳು ಕೆಲವು ನೂರು ಸುತ್ತು ಚಾರ್ಜ್ ಆದ ಮೇಲೆ ಸೊರಗುತ್ತವೆ. ಬ್ಯಾಂಡಿನ ಬ್ಯಾಟರಿಯನ್ನು ಮನೆಯಲ್ಲಿ ಬದಲಿಸಲು ಬಹುತೇಕ ಆಗುವುದಿಲ್ಲ. ಅಂದರೆ ಎರಡನೆಯದಕ್ಕೆ ಆಯುಷ್ಯ ಜಾಸ್ತಿ. ನಿದ್ದೆ ನೋಡುವವರಿಗಂತೂ ರಾತ್ರಿ ಚಾರ್ಜ್‌ಗೆ ಇಡಬೇಕಾದ ವಾಚು ಎಂದರೆ ಮೂಲ ಉದ್ದೇಶಕ್ಕೇ ಕೊಡಲಿ ಪೆಟ್ಟು.

ಚಾರ್ಜರ್ ಪ್ರತಿ ಕಂಪನಿಗೂ ಬೇರೆ, ಎಷ್ಟೋ ಸಲ ಪ್ರತಿ ಮಾಡೆಲ್‌ಗೂ ಬೇರೆ. ಕೊಳ್ಳುವಾಗಲೇ ಇನ್ನೊಂದು ತಂದಿಟ್ಟುಕೊಳ್ಳಿ. ಕಂಪನಿ ಸೊರಗಿದ ಮೇಲೆ ಮೊದಲು ಮಾಯವಾಗುವುದು ಇದೇ. ಪಟ್ಟಿ 20 ಅಥವಾ 22 ಮಿಲಿಮೀಟರಿನ ಸಾಮಾನ್ಯ ಕೊಂಡಿಯದ್ದಾದರೆ ಅದೇ ಅಗಲದ ಯಾವ ಗಡಿಯಾರದ ಪಟ್ಟಿಯೂ ಸೇರುತ್ತದೆ. ಸ್ವಂತ ವಿನ್ಯಾಸದ ಕೊಂಡಿಯಾದರೆ ಪಟ್ಟಿ ಹರಿದ ದಿನ ಬ್ಯಾಂಡೂ ಹೋದಂತೆ.

ನೀರು ತಡೆಯುವ ಶಕ್ತಿ 5 ಎಟಿಎಂ ಎಂದು ಬರೆದಿದ್ದರೆ 50 ಮೀಟರ್ ಆಳಕ್ಕೆ ಮುಳುಗಬಹುದು ಎಂದಲ್ಲ, ನಿಂತ ನೀರಿನ ಆ ಒತ್ತಡವನ್ನು ಪರೀಕ್ಷೆಯಲ್ಲಿ ತಡೆದಿದೆ ಎಂದು. ಈಜಲು ಸಾಕು. ಒಳಗಿನ ರಬ್ಬರ್ ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ, ಸೋಪು ಮತ್ತು ಬಿಸಿ ನೀರು ಅದಕ್ಕೆ ಆಗಿಬರುವುದಿಲ್ಲ. ಬಿಸಿಲಲ್ಲಿ ಓಡಾಡುವವರು ಪರದೆಯನ್ನು ಹೊರಗೆ ಬೆಳಕಿನಲ್ಲೇ ನೋಡಿ ತೀರ್ಮಾನಿಸಿ, ಅಂಗಡಿಯ ದೀಪದ ಕೆಳಗೆ ಎಲ್ಲವೂ ಚೆಂದ.

ಮಾಡೆಲ್ ಹೆಸರಿನ ಜೊತೆ ರಿಕಾಲ್ ಎಂದು ಹಾಕಿ ಒಮ್ಮೆ ಹುಡುಕಿ. 2022ರ ಮಾರ್ಚ್‌ನಲ್ಲಿ ಫಿಟ್‌ಬಿಟ್ ಅಯಾನಿಕ್ ವಾಚುಗಳನ್ನು ಬ್ಯಾಟರಿ ಬಿಸಿಯಾಗಿ ಕೈ ಸುಡುತ್ತದೆ ಎಂದು ವಾಪಸ್ ಕರೆಸಿಕೊಂಡಿದ್ದರು, ಅಮೆರಿಕದಲ್ಲೇ ಸುಮಾರು 10 ಲಕ್ಷ ಮಾರಾಟವಾಗಿದ್ದವು. ಯಾರದೋ ಕೈಯಿಂದ ಹಳೆಯದನ್ನು ಕೊಳ್ಳುವವರು ಇದನ್ನು ಮರೆಯಬಾರದು.

ಹಾಗಾದರೆ ಯಾವುದು?

ನನ್ನ ಒಲವು ಹೇಳಿಬಿಡುತ್ತೇನೆ. ಓಟ, ಸೈಕಲ್, ಬೆಟ್ಟ ಹತ್ತುವ ಹುಚ್ಚಿರುವವರಿಗೆ ಗಾರ್ಮಿನ್. ಆ್ಯಪ್ ಗಜಿಬಿಜಿ, ಎಲ್ಲಿ ಏನಿದೆ ಎಂದು ಹುಡುಕಬೇಕು. ಆದರೆ 2020ರ ಜುಲೈನಲ್ಲಿ ಸೈಬರ್ ದಾಳಿಯಾಗಿ ಅದರ ಸೇವೆಗಳು ಕೆಲವು ದಿನ ನಿಂತಾಗಲೂ ವಾಚುಗಳು ದಾಖಲಿಸುತ್ತಲೇ ಇದ್ದವು, ಕೇಬಲ್ ಹಾಕಿ ಕಂಪ್ಯೂಟರಿಗೆ ಫೈಲು ಎಳೆದುಕೊಳ್ಳಲೂ ಆಗುತ್ತಿತ್ತು. ಸರ್ವರ್ ಸತ್ತರೂ ಬದುಕುವ ಗುಣ ಎಂದರೆ ಇದು. ಪೋಲಾರ್ ಕೂಡ ಹೃದಯ ಬಡಿತದ ವಿಚಾರದಲ್ಲಿ ಹಳೆಯ ಕೈ, ಅಬ್ಬರ ಕಡಿಮೆ.

ಹೆಜ್ಜೆ, ನಿದ್ದೆ ಸಾಕು ಎನ್ನುವವರಿಗೆ ಶಿಯೋಮಿ, ಅಮೇಜ್‌ಫಿಟ್‌ನ ಸಣ್ಣ ಬ್ಯಾಂಡ್‌ಗಳು. ಕಡಿಮೆ ಬೆಲೆ, ಉದ್ದ ಬ್ಯಾಟರಿ. ಇವುಗಳಿಗೆ ಇನ್ನೊಂದು ಲಾಭವಿದೆ: ಗ್ಯಾಜೆಟ್‌ಬ್ರಿಡ್ಜ್ ಎಂಬ ಮುಕ್ತ ತಂತ್ರಾಂಶದ ಆಂಡ್ರಾಯ್ಡ್ ಆ್ಯಪ್ ಇವುಗಳಲ್ಲಿ ಹಲವನ್ನು ಕಂಪನಿಯ ಸರ್ವರ್ ಇಲ್ಲದೆಯೇ ನಡೆಸುತ್ತದೆ. ಜೋಡಿಸುವುದು ಸ್ವಲ್ಪ ಕಿರಿಕಿರಿ, ಕೆಲವು ಮಾಡೆಲ್‌ಗೆ ಮೊದಲು ಕಂಪನಿಯ ಆ್ಯಪ್‌ನಿಂದ ಒಂದು ಕೀ ತೆಗೆಯಬೇಕು, ತಂತ್ರಜ್ಞಾನದ ಆಟ ಇಷ್ಟವಿಲ್ಲದವರಿಗೆ ನಾನು ಹೇಳುವುದಿಲ್ಲ. ಆದರೆ ಕೊಳ್ಳುವ ಮುಂಚೆ ಅದರ ಬೆಂಬಲಿತ ಸಾಧನಗಳ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಇದೆಯಾ ಎಂದು ನೋಡಿದರೆ ನಷ್ಟವೇನಿಲ್ಲ. ಐಫೋನ್ ಇದ್ದು ದಿನಾ ಚಾರ್ಜ್ ಹಾಕಲು ಬೇಸರವಿಲ್ಲದವರು ಆ್ಯಪಲ್ ವಾಚ್ ಬಿಟ್ಟು ಬೇರೆ ಹುಡುಕಿ ತಲೆ ಕೆಡಿಸಿಕೊಳ್ಳುವುದು ಬೇಡ. ಹಾಗೆಂದು ಸೊರಗಿದ ಬ್ರ್ಯಾಂಡ್ ಎಂದೂ ಚೇತರಿಸಿಕೊಳ್ಳುವುದಿಲ್ಲ ಎಂದೇನಿಲ್ಲ. ವಿದಿಂಗ್ಸ್ ಅನ್ನು 2016ರಲ್ಲಿ ನೋಕಿಯಾ ಕೊಂಡಿತು, ಹೆಸರನ್ನೂ ಬದಲಿಸಿತು, 2018ರಲ್ಲಿ ಸ್ಥಾಪಕರೇ ವಾಪಸ್ ಪಡೆದು ಹಳೆಯ ಹೆಸರಿನಲ್ಲೇ ನಡೆಸುತ್ತಿದ್ದಾರೆ.

ಕೊಳ್ಳುವ ಮುಂಚೆ ಆ್ಯಪ್ಪನ್ನು ಫೋನಿಗೆ ಇಳಿಸಿಕೊಂಡು ತಿರುಗಾಡಿ ನೋಡಿ. ಆ್ಯಪ್ ಸ್ಟೋರ್‌ನಲ್ಲಿ ಒಟ್ಟು ನಕ್ಷತ್ರ ನೋಡಬೇಡಿ, ಹೊಸ ವಿಮರ್ಶೆಗಳನ್ನು ಮೊದಲು ಬರುವಂತೆ ಜೋಡಿಸಿ ಓದಿ. ಕಂಪನಿ ಇಳಿಜಾರಿನಲ್ಲಿದ್ದರೆ ಅಲ್ಲೇ ಗೊತ್ತಾಗುತ್ತದೆ. ಅಕೌಂಟ್ ಅಳಿಸುವ ಗುಂಡಿ ಎಲ್ಲಿದೆ ಎಂದೂ ಹುಡುಕಿ. ಸುಲಭವಾಗಿ ಸಿಗದಿದ್ದರೆ ಅದೂ ಒಂದು ಸೂಚನೆ.

ಹೊಸದು ಬಂದ ಮೇಲೆ

ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಪರೀಕ್ಷೆ ಮುಗಿಸಿ. ಬಾಯಲ್ಲಿ ಎಣಿಸುತ್ತಾ 500 ಹೆಜ್ಜೆ ನಡೆಯಿರಿ, ಬ್ಯಾಂಡ್ ಎಷ್ಟು ಹೇಳಿತು ನೋಡಿ. ಕೂತು ಕುತ್ತಿಗೆಯ ನಾಡಿಯನ್ನು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ, ಪರದೆಯ ಜೊತೆ ಹೋಲಿಸಿ. ಒಮ್ಮೆ ಬೇಕೆಂದೇ ಡೇಟಾ ಎಕ್ಸ್‌ಪೋರ್ಟ್ ಮಾಡಿ, ನಿಜವಾಗಿ ಬರುತ್ತದಾ ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ನೀವು ಮಾಡಿ.

ಹಳೆಯದರ ಅಂಕಿಯನ್ನು ಹೊಸದರ ಜೊತೆ ತೂಗಬೇಡಿ. ವಿಶ್ರಾಂತಿಯ ಬಡಿತವನ್ನು ಒಂದು ಕಂಪನಿ ನಿದ್ದೆಯಲ್ಲಿ ನೋಡಿದರೆ ಇನ್ನೊಂದು ಇಡೀ ದಿನದಲ್ಲಿ ನೋಡುತ್ತದೆ. ನಾಲ್ಕೈದು ಬಡಿತ ವ್ಯತ್ಯಾಸ ಬಂದರೆ ನಿಮ್ಮ ಆರೋಗ್ಯ ಕೆಟ್ಟಿಲ್ಲ, ಲೆಕ್ಕದ ರೀತಿ ಬದಲಾಗಿದೆ. ಗಾರ್ಮಿನ್‌ನಂಥವು ಬಡಿತಗಳ ನಡುವಿನ ಅಂತರದ ಏರಿಳಿತ ತೋರಿಸುವ ಮುಂಚೆ ನಿಮ್ಮ ಮಾಮೂಲಿ ಮಟ್ಟ ಕಲಿಯಲು ಮೂರು ವಾರ ತೆಗೆದುಕೊಳ್ಳುತ್ತವೆ, ಅಲ್ಲಿಯವರೆಗೆ ಅದು ಹೇಳುವುದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಚರ್ಮ ಕೆಂಪಾದರೆ ಕೆಲವು ದಿನ ಬಿಚ್ಚಿಡಿ, ಬೆವರಿದ ಮೇಲೆ ಬ್ಯಾಂಡನ್ನೂ ಕೈಯನ್ನೂ ತೊಳೆದು ಒರೆಸಿ ಕಟ್ಟಿಕೊಳ್ಳಿ.

ಗೆಳೆಯರ ಪಂದ್ಯ ತಪ್ಪಿಹೋಗುತ್ತದೆ ಎಂದು ಹಳೆಯ ಬ್ಯಾಂಡಿಗೇ ಅಂಟಿಕೊಂಡವರಿದ್ದರೆ, ಒಂದು ಚಾಟ್ ಗುಂಪು ಮಾಡಿಕೊಂಡು ಭಾನುವಾರ ರಾತ್ರಿ ಎಲ್ಲರೂ ವಾರದ ಹೆಜ್ಜೆಯ ಸ್ಕ್ರೀನ್‌ಶಾಟ್ ಹಾಕಿ. ಯಾವ ಬ್ರ್ಯಾಂಡ್ ಆದರೂ ನಡೆಯುತ್ತದೆ, ಇದನ್ನು ಯಾವ ಕಂಪನಿಯೂ ಮುಚ್ಚಲಾರದು.

ಹಳೆಯ ಬ್ಯಾಂಡನ್ನು ಯಾರಿಗಾದರೂ ಕೊಡುವುದಾದರೆ ಮೊದಲು ನಿಮ್ಮ ಅಕೌಂಟಿನಿಂದ ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ, ಫೋನಿನ ಬ್ಲೂಟೂತ್ ಪಟ್ಟಿಯಿಂದಲೂ ಅಳಿಸಿ. ಅಕೌಂಟಿನಲ್ಲೇ ಉಳಿದರೆ ಪಡೆದವರಿಗೆ ಜೋಡಿಸಲು ಆಗದೆ ಹೋಗಬಹುದು. ಕೆಟ್ಟಿದ್ದರೆ ಕಸದ ಬುಟ್ಟಿಗೆ ಹಾಕಬೇಡಿ, ಒಳಗಿರುವುದು ಲಿಥಿಯಂ ಬ್ಯಾಟರಿ, ಜಜ್ಜಿದರೆ ಹೊತ್ತಿಕೊಳ್ಳುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ಕೊಡಿ. ಅದರ ಚಾರ್ಜರನ್ನೂ ಜೊತೆಗೇ ಕೊಟ್ಟುಬಿಡಿ, ಬೇರೆ ಯಾವುದಕ್ಕೂ ಅದು ಬರುವುದಿಲ್ಲ.